ಪೆಟ್ರೋಲ್ ಟಾಕಿಗೆ ಹಚ್ಚಿದ ಮೇಣ

ಮೊನ್ನೆ ನಿಮ್ಮ ಕಾರು ಏರಿನಲ್ಲಿ ಸೀನಿದಾಗ ಮೆಕ್ಯಾನಿಕ್ "ಇಂಜೆಕ್ಟರ್ ಮೇಲೆ ಗುಮಾನಿ, ಪೆಟ್ರೋಲ್ ಸಾಲುತ್ತಿಲ್ಲ" ಅಂದ. ನೀವೆಲ್ಲ ಗಂಭೀರವಾಗಿ ತಲೆಯಾಡಿಸಿದಿರಿ. ಹಿಂದಿನ ಸೀಟಿನಲ್ಲಿದ್ದ ಅಜ್ಜಿಯನ್ನು ಯಾರೂ ಕೇಳಲಿಲ್ಲ, ಮಕ್ಕಳೇ. ಇಂಜಿನ್ ಪೆಟ್ರೋಲ್ ಬಿಟ್ಟು ಬರೀ ಗಾಳಿ ಕುಡಿಯುವ ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ಒಮ್ಮೆ ಅದನ್ನು ನಾನೇ ತಯಾರಿಸಿದ್ದೆ.

ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಶಾಲೆಗಳಲ್ಲಿ ಪಾಠ ಹೇಳಲು ಕನ್ನಡ ಓದಬಲ್ಲ ಹೆಣ್ಣುಮಕ್ಕಳು ಬೇಕಾಗಿದ್ದರು. ತವರೂರು ಎಕಂಬಾದಲ್ಲಿ ಓದಿ, ಭಾಲ್ಕಿಗೆ ಸೊಸೆಯಾಗಿ ಬಂದಿದ್ದ ನನಗೂ ಕರೆ ಬಂತು: ಬೀದರಿನ ಕಚೇರಿಯಲ್ಲಿ ಹನ್ನೆರಡು ಗಂಟೆಯೊಳಗೆ ಒಂದು ಪುಟ ಗಟ್ಟಿಯಾಗಿ ಓದಿ ತೋರಿಸಬೇಕು. ಶಾಲೆಯ ಅಕ್ಕೋರು ಆಗುವುದೊಂದೇ ನನ್ನ ಆಸೆ.

ಮಾವನವರು ವಕೀಲರು. ಅವರ ಹಳೆಯ ಮೋಟಾರನ್ನು ನಿಮ್ಮ ಅಜ್ಜ ಓಡಿಸುತ್ತಿದ್ದರು. ಪೆಟ್ರೋಲ್ ವಾಸನೆಗೆ ನನಗೆ ಹೊಟ್ಟೆ ತೊಳಸುತ್ತಿತ್ತು. ಹೊರಡುವ ಹಿಂದಿನ ದಿನ ನೋಡಿದರೆ ಪೆಟ್ರೋಲ್ ತುಂಬುವ ಟಾಕಿಯ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು; ವಾಸನೆ ಅಲ್ಲಿಂದಲೇ ಎಂದುಕೊಂಡೆ. ಕುಂಕುಮದ ಕೆಳಗೆ ಹಚ್ಚುವ ಮೇಣ ತಂದು ಶಾಸ್ತ್ರೋಕ್ತವಾಗಿ ಮುಚ್ಚಿದೆ. ಉಳಿದದ್ದನ್ನು ಹಣೆಗೆ ಹಚ್ಚಿಕೊಂಡೆ.

ಮರುದಿನ ಮಾವ, ನಿಮ್ಮ ಅಜ್ಜ, ನಾನು ಮೂವರೂ ಹೊರಟೆವು. ಊರು ದಾಟಿದ ಮೂರನೇ ಮೈಲಿಗೆ ಇಂಜಿನ್ ಸೀನಿತು, ಏದುಸಿರು ಬಿಟ್ಟಿತು, ನಿಂತಿತು.

"ಹವಾ ಜಾಸ್ತಿ ಎಳೀಲತದ, ಪೆಟ್ರೋಲ್ ಬರವಲ್ದು," ಎಂದು ನಿಮ್ಮ ಅಜ್ಜ ಬಾನೆಟ್ ಎತ್ತಿದರು. ಆ ಗಾಡಿಗೆ ಇಂಜೆಕ್ಟರ್ ಇರಲಿಲ್ಲ. ಕಾರ್ಬುರೇಟರಿನ ಜೆಟ್ ಎಂಬ ಹಿತ್ತಾಳೆಯ ಚೂರೇ ಆರೋಪಿ. ಅದನ್ನು ಬಿಚ್ಚಿ ಊದಿದರು. ಟಾಕಿಯ ಮುಚ್ಚಳ ತೆಗೆದು ಕಡ್ಡಿ ಅದ್ದಿ ಪೆಟ್ರೋಲ್ ನೋಡಿದರು. ಗಾಡಿ ಹೊರಟಿತು.

"ಜೆಟ್ಟಿನೊಳಗ ಕಚರಾ ಇತ್ತು ನೋಡ್ರಿ ಅಪ್ಪಾ."

ಮೂರು ಮೈಲಿಗೆ ಮತ್ತೆ ನಿಂತಿತು. ಮತ್ತೆ ಜೆಟ್, ಮತ್ತೆ ಕಡ್ಡಿ. ಊದಿ ಊದಿ ಅವರ ಮೀಸೆಗೆ ಪೆಟ್ರೋಲ್ ವಾಸನೆ ಹತ್ತಿತು. ಈಗ ಎಲ್ಲಾದರೂ ಆ ವಾಸನೆ ಬಂದರೆ ಹೊಟ್ಟೆ ತೊಳಸುವುದಿಲ್ಲ. ಒಂದು ಗಳಿಗೆ ನಿಲ್ಲುತ್ತೇನೆ.

ಈ ಸಲ ಮುಚ್ಚಳ ತಿರುವಿದಾಗ ಟಾಕಿ ಸುಸ್ಸೆಂದು ಗಾಳಿ ಎಳೆದುಕೊಂಡದ್ದು ನನಗೆ ಕೇಳಿಸಿತು. ಆ ತೂತು ಟಾಕಿಯ ಮೂಗು. ಒಳಗೆ ಗಾಳಿ ಹೋಗದೆ ಪೆಟ್ರೋಲ್ ಹೊರಗೆ ಬರುತ್ತಿರಲಿಲ್ಲ; ಮುಚ್ಚಳ ತೆಗೆದಾಗಲೆಲ್ಲ ಉಸಿರು ಸಿಕ್ಕಿ ಗಾಡಿ ಮೂರು ಮೈಲಿ ಓಡುತ್ತಿತ್ತು.

ಹೇಳಬಹುದಿತ್ತು. ಆದರೆ ಮಾವನೆದುರು ಸೊಸೆ ಗಂಡನೊಡನೆಯೂ ಮಾತಾಡುವ ರಿವಾಜು ನಮ್ಮಲ್ಲಿರಲಿಲ್ಲ. ಮದುವೆಯಾಗಿ ಎರಡು ವರ್ಷ. ಮಾವ ನನ್ನ ದನಿಯನ್ನೇ ಕೇಳಿರಲಿಲ್ಲ. ಸೆರಗಿನೊಳಗಿಂದ ಕೆಮ್ಮಿದೆ.

"ಆಕೀಗಿ ನೀರು ಕೊಡಪಾ," ಎಂದರು ಮಾವ.

ಇನ್ನೂ ಜೋರಾಗಿ ಕೆಮ್ಮಿದೆ.

"ಧೂಳ ಬರ್ಲತದ. ಕಿಟಕಿ ಕಾಂಚ ಏರಸು," ಎಂದರು.

ಮೂರನೇ ಸಲ ನಿಂತಾಗ ಹನ್ನೊಂದು ಗಂಟೆ. ನಿಮ್ಮ ಅಜ್ಜ ಕೈ ಒರೆಸಿಕೊಂಡರು. "ಮನಿಗಿ ತಿರುಗಸೋಣ್ರಿ. ಗಾಡಿ ಬೀದರ ಮುಟ್ಟಂಗಿಲ್ಲ."

"ಮಾವಾರ," ಎಂದೆ. ಇಬ್ಬರೂ ಬೆಚ್ಚಿ ತಿರುಗಿದರು. "ಟಾಕಿ ತೂತಿಗಿ ನಾ ಮೇಣ ಹಚ್ಚೀನ್ರಿ."

ಮಾವ ನನ್ನನ್ನೇ ನೋಡಿದರು. "ಇಪ್ಪತ್ತ ವರ್ಷ ವಕೀಲಿಕಿ ಮಾಡೀನಿ. ಯಾರೂ ಕೇಳದೇ ಗುನ್ಹೆ ಕಬೂಲ್ ಮಾಡಿದಾಕಿ ಈಕೀನೇ ಮೊದಲು."

ನಿಮ್ಮ ಅಜ್ಜ ಪಿನ್ನಿನಿಂದ ಮೇಣ ಕೆರೆದರು. ಗಾಡಿ ಕುದುರೆಯಂತೆ ಓಡಿತು. ಕಚೇರಿ ತಲುಪಿದಾಗ ಹನ್ನೆರಡಕ್ಕೆ ಐದು ನಿಮಿಷ. ಮೈಸೂರಿನ ಕಡೆಯ ಸಾಹೇಬರೊಬ್ಬರು ಪುಸ್ತಕ ಚಾಚಿ, "ಓದಮ್ಮ, ಹೆದರಬೇಡ," ಎಂದರು.

ಬಾಯಿ ತೆರೆದೆ. ಆ ವರ್ಷಕ್ಕೆ ಇದ್ದ ಧೈರ್ಯವೆಲ್ಲ ದಾರಿಯಲ್ಲೇ ಒಂದು ವಾಕ್ಯಕ್ಕೆ ಖರ್ಚಾಗಿತ್ತು. ದನಿ ಹೊರಡಲಿಲ್ಲ. ಬಾಗಿಲಲ್ಲಿ ನಿಂತ ಮಾವ ಕೆಮ್ಮಿದರು. ಉಪಯೋಗವಾಗಲಿಲ್ಲ. ಗಡಿಯಾರ ಹನ್ನೆರಡು ಹೊಡೆಯಿತು.

ಮರಳುವಾಗ ಮಾವ, "ಈಗ ಓದವ್ವಾ, ನಾವು ಕೇಳ್ತೇವಿ," ಎಂದರು. ಜತೆಗೊಯ್ದಿದ್ದ ಪುಸ್ತಕ ತೆರೆದೆ. ಭಾಲ್ಕಿ ಮುಟ್ಟುವವರೆಗೆ, ಇಂಜಿನ್ನಿನ ಸದ್ದನ್ನೂ ಮೀರಿಸಿ, ಒಂದಕ್ಷರ ತಪ್ಪದೆ ಓದಿದೆ. ಇಬ್ಬರೂ ನನ್ನನ್ನು ಪಾಸು ಮಾಡಿದರು. ಇಬ್ಬರಿಗೂ ನೌಕರಿ ಕೊಡುವ ಅಧಿಕಾರ ಇರಲಿಲ್ಲ.