ಕೈಕೆಳಗೆ ಯಾರೂ ಇಲ್ಲದ ಮ್ಯಾನೇಜರು

ಆವಾಗ ನನಗೆ ಅರವತ್ತಾರು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿನಲ್ಲಿ ನನ್ನ ಮನೆಗೆ ಒಬ್ಬಳು ಮ್ಯಾನೇಜರು ಸೊಸೆಯಾಗಿ ಬಂದಳು. ಮ್ಯಾನೇಜರು ಅಂದರೆ ಬ್ಯಾಂಕಿನ ಗಾಜಿನ ಕೋಣೆಯೊಳಗೆ ಕೂತು ಗಂಟೆ ಒತ್ತೋರು ಅಂದುಕೊಂಡಿದ್ದೆ. ಇವಳು ಆ ಜಾತಿಯಲ್ಲ. ಪ್ರಾಡಕ್ಟ್ ಮ್ಯಾನೇಜರಂತೆ. ನಿನ್ನ ಕೈಕೆಳಗೆ ಎಷ್ಟು ಜನ ಅವ್ರೆ ಅಂತ ಕೇಳಿದೆ.

"ಯಾರೂ ಇಲ್ಲ ಅತ್ತೆ."

"ಮತ್ತೆ ಯಾರಿಗೆ ಕೆಲಸ ಏಳ್ತೀಯ?"

"ಎಲ್ಲರಿಗೂ."

"ಕೇಳ್ತಾರಾ?"

"ಕೇಳಲ್ಲ. ಕೇಳೋ ಹಾಗೆ ಮಾಡೋದೇ ಕೆಲಸ."

ಇದಕ್ಕೆ ಸಂಬಳ ಬೇರೆ ಕೊಡ್ತಾರೆ! ಈ ಕೆಲಸವನ್ನ ನಾನು ಮದುವೆಯಾದಾಗಿಂದ ಈ ಮನೆಯಲ್ಲಿ ಬಿಟ್ಟಿ ಮಾಡ್ತಾ ಬಂದಿದೀನಿ.

ಇವಳು ಕೆಜಿಎಫ್‌ನ ಆಂಡರ್ಸನ್‌ಪೇಟೆ ಹುಡುಗಿ. ಮಾತು ಕನ್ನಡದಲ್ಲಿ ಶುರುವಾದರೆ ತಮಿಳಿನಲ್ಲಿ ಮುಗಿಯುತ್ತೆ. ನನ್ನ ಮಗನಿಗೆ ಬಂಗಾರಪೇಟೆಯಲ್ಲಿ ಪಂಪ್‌ಸೆಟ್ಟು ರಿಪೇರಿ ಅಂಗಡಿ. ರೈಲಲ್ಲಿ ಪರಿಚಯವಂತೆ. ವಾರಕ್ಕೆರಡು ದಿನ ಆ ರೈಲಲ್ಲೇ ಬೆಂಗಳೂರಿನ ಕಂಪನಿಗೆ ಹೋಗಿ ಬರೋಳು. ಮಿಕ್ಕ ದಿನ ಬೂದಿಕೋಟೆ ಪಕ್ಕದ ನಮ್ಮೂರಿನಲ್ಲೇ, ಮನೆಯಿಂದ ಕೆಲಸ.

ಬಂದ ಹೊಸದರಲ್ಲಿ ಒಂದು ಕಡ್ಡಿ ಎತ್ತಿಡಲಿಲ್ಲ. ನಾನು ಹಾಲು ಕರೆಯೋದು, ಮುದ್ದೆ ಕಟ್ಟೋದು, ಸೆಗಣಿ ಬಾಚೋದು ಎಲ್ಲಾನೂ ಕೂತು ನೋಡೋಳು. ಏನಮ್ಮಿ, ಸಿನಿಮಾನಾ ಅಂದೆ. ಜನ ಬಾಯಲ್ಲಿ ಹೇಳೋದು ಒಂದು, ಮಾಡೋದು ಇನ್ನೊಂದು, ಅದಕ್ಕೇ ಮೊದಲು ನೋಡಬೇಕು ಅಂದಳು. ಮಾರನೇ ದಿನ ನೋಡಿದರೆ ಮೇಲಿನ ಅಟ್ಟಣೆಯಲ್ಲಿದ್ದ ನನ್ನ ಉಪ್ಪಿನ ಡಬ್ಬ ಒಲೆ ಪಕ್ಕ ಬಂದು ಕೂತಿದೆ! ಸರಿಯಾಗಿ ಉಗಿದು, ತಿರುಗಿ ಮೇಲಿಟ್ಟೆ. ಮಧ್ಯಾಹ್ನ ಸಾರಿಗೆ ಉಪ್ಪು ಹಾಕೋವಾಗ ಕೈ ತಾನಾಗೇ ಒಲೆ ಪಕ್ಕಕ್ಕೆ ಹೋಯಿತು. ಹಾಳಾದ ಕೈ.

ಅವಳ ಇನ್ನೊಂದು ಕಾಯಿಲೆ ಅಂದರೆ 'ಯಾಕೆ'. ನೀರು ಕಾಯಿಸೋಕೆ ದೊಡ್ಡ ಹಂಡೆ ಬೇಕು ಅಂದೆ. ಯಾಕೆ ಅಂದಳು. ಬಿಸಿನೀರು ಸಾಲಲ್ಲ ಅಂದೆ. ಯಾಕೆ ಸಾಲಲ್ಲ? ನನ್ನ ಸರದಿ ಬರೋ ಹೊತ್ತಿಗೆ ಮುಗಿದಿರುತ್ತೆ. ಯಾಕೆ ಮುಗಿದಿರುತ್ತೆ? ಹೀಗೇ ಕೆದಕಿ ಕೆದಕಿ, ನನ್ನ ಮಗ ಎಮ್ಮೆ ಹಾಗೆ ಸ್ನಾನ ಮಾಡ್ತಾನೆ ಅನ್ನೋದನ್ನ ನನ್ನ ಬಾಯಿಂದಲೇ ಹೊರಡಿಸಿದಳು. ಹಂಡೆ ಬರಲಿಲ್ಲ. ಮಗನಿಗೆ ಅಳತೆ ಬಕೆಟ್ಟು ಬಂತು.

ನಮ್ಮ ಮನೆಯಲ್ಲಿ ನೆಟ್‌ವರ್ಕು ಸಿಗೋದು ಕೊಟ್ಟಿಗೆಯ ಒಂದೇ ಮೂಲೆಯಲ್ಲಿ. ಅಲ್ಲಿ ಹಸುವಿನ ಗೂಟ. ಬೂಸಾ ಮೂಟೆ ಮೇಲೆ ಕೂತು, ತೊಡೆ ಮೇಲೆ ಕಂಪ್ಯೂಟರು ಇಟ್ಟುಕೊಂಡು ಮೀಟಿಂಗು ಮಾಡೋಳು. ಹಸು ಕೂಗಿದರೆ ಕಂಪನಿಯೋರು ಮಾತು ನಿಲ್ಲಿಸಿ ಕಾಯೋರು. ನಾನು ಕೂಗಿದರೂ ಕಾಯೋರು. ಒಂದು ದಿನ, ಗೂಟವನ್ನ ಕೊಟ್ಟಿಗೆಯ ಆ ತುದಿಗೆ ನೆಡೋಣವಾ ಅತ್ತೆ ಅಂದಳು. ಹಸು ನಿನಗಿಂತ ಮುಂಚೆ ಈ ಮನೆಗೆ ಬಂದಿದ್ದು, ಅದು ಕದಲಲ್ಲ ಅಂದೆ. ಆಮೇಲೆ ಆ ಮಾತೆತ್ತಲಿಲ್ಲ.

ಆ ಹಸು ತುಂಬಿದ ಗಬ್ಬ. ಒಂದು ದಿನ ಬೆಳಿಗ್ಗೆ ಬೇನೆ ಶುರುವಾಯಿತು. ಬಿಸಿಲೇರಿದರೂ ಕರುವಿನ ಒಂದೇ ಕಾಲು ಕಾಣ್ತಿದೆ, ಇನ್ನೊಂದಿಲ್ಲ. ಮನೆಯಲ್ಲಿರೋದು ಅದೊಂದೇ ಹಸು. ಅದು ಹೋದರೆ ಇನ್ನೊಂದನ್ನ ಕಟ್ಟೋ ಶಕ್ತಿ ನಮಗಿಲ್ಲ. ಮಗ ಅಂಗಡಿಯಲ್ಲಿ. ಊರೆಲ್ಲಾ ಬಂದು ಕೊಟ್ಟಿಗೆ ತುಂಬಿತು, ತಲೆಗೊಂದು ಸಲಹೆ. ಪಕ್ಕದ ಮನೆಯ ಅಣ್ಣತಮ್ಮಂದಿರಲ್ಲಿ ತಮ್ಮ ಹಗ್ಗ ತಂದ, ಕಟ್ಟಿ ಎಳೆಯೋಣ ಅಂದ. ನಾನು ಹರಳೆಣ್ಣೆ ಕುಡಿಸೋಣ ಅಂತ ಬಿದಿರಿನ ಗೊಟ್ಟ ಹಿಡಿದಿದ್ದೆ.

ಇವಳು ಕಂಪ್ಯೂಟರು ಮುಚ್ಚಿ, ದನದ ಡಾಕ್ಟರಿಗೆ ಫೋನು ಮಾಡಿದಳು. ಕಾಲು ಮಡಚಿಕೊಂಡಿರಬೇಕು, ಯಾರೂ ಎಳೀಬೇಡಿ, ಹಿಡ್ಕೊಳ್ಳೋಕೆ ಇಬ್ಬರು ಗಟ್ಟಿ ಆಳಿರಲಿ, ಆದರೆ ನನ್ನ ಬೈಕು ಬೂದಿಕೋಟೆಯಲ್ಲಿ ಪಂಚರು ಅಂದರಂತೆ.

"ವೇಣಾಂ ಅತ್ತೆ. ಎಣ್ಣೆನೂ ಬೇಡ, ಹಗ್ಗನೂ ಬೇಡ."

"ನನ್ನ ಅಸು ಕಣೇ ಅದು!"

"ಹೌದು. ಅದಕ್ಕೇ ಬೇಡ."

ಡಾಕ್ಟರನ್ನ ಕರೆತರೋಕೆ ಆಟೋ ಬೇಕು. ಇರೋದು ಪಕ್ಕದ ಮನೆಯ ಅಣ್ಣನ ಹತ್ತಿರ. ಅವನಿಗೂ ತಮ್ಮನಿಗೂ ಹೊಲದ ಬದುವಿನ ಜಗಳ, ಮಾತು ಬಿಟ್ಟು ಬಹಳ ಕಾಲ ಆಗಿದೆ. ಅವನಿರೋ ಕಡೆ ನಾನು ಕಾಲಿಡಲ್ಲ ಅಂತ ಅಣ್ಣ. ಅವನು ಬಂದರೆ ನಾನು ಹೊರಟೆ ಅಂತ ತಮ್ಮ. ಇವಳು ಬುದ್ಧಿ ಹೇಳಲಿಲ್ಲ, ಬೈಯಲಿಲ್ಲ. ಅಣ್ಣನನ್ನ, ನಿಮಗೆ ಆಗದೇ ಇರೋದು ಏನು ಅಂತ ಕೇಳಿದಳು. ಅವನ ಮುಖ ನೋಡೋದು ಅಂದ. ತಮ್ಮನನ್ನ ಕೇಳಿದರೆ ಅವನೂ ಅದೇ ಅಂದ.

"ಸರಿ. ನೀವು ತಲೆ ಕಡೆ, ಅವರು ಬಾಲದ ಕಡೆ. ನಡುವೆ ಹಸು ಇರುತ್ತೆ. ಮುಖ ಕಾಣಲ್ಲ."

ಒಪ್ಪಿಕೊಂಡರು ಕಣ್ರೀ! ಪಂಚಾಯ್ತಿ ಮಾಡಿ ಮಾಡಿ ಸೋತಿದ್ದ ಊರು ಬಾಯಿಬಿಟ್ಟು ನಿಂತಿತ್ತು. ಆಟೋ ಹೋಯಿತು, ಡಾಕ್ಟರು ಬಂದರು. ಅಣ್ಣ ಕೊರಳು ಹಿಡಿದ, ತಮ್ಮ ಸೊಂಟಕ್ಕೆ ಒತ್ತು ಕೊಟ್ಟ. ಬಾಲ ಎತ್ತಿ ಹಿಡಿಯೋಕೆ ಇವಳೇ ನಿಂತಳು. ಡಾಕ್ಟರು ಕರುವನ್ನ ಒಳಕ್ಕೆ ತಳ್ಳಿ, ಮಡಚಿದ ಕಾಲನ್ನ ಬಿಡಿಸಿ, ನಿಧಾನಕ್ಕೆ ಈಚೆಗೆ ತಂದರು. ಕರು ಒಂದು ಸೀನು ಸೀನಿತು. ನನ್ನ ಹೋದ ಜೀವ ಬಂತು. ಹೆಣ್ಣುಗರು ಅಂತ ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಅಂದು, ಹಸುವಿನ ಬೆನ್ನ ಮೇಲಿಂದ ಒಬ್ಬರನ್ನೊಬ್ಬರು ನೋಡಿ, ತಟ್ಟನೆ ಮುಖ ತಿರುಗಿಸಿಕೊಂಡರು. ಎಳೆದಿದ್ದರೆ ಎರಡೂ ಹೋಗ್ತಿದ್ದವು ಅಂತ ಡಾಕ್ಟರು ಕೈ ತೊಳೀತಾ ಹೇಳಿದರು. ನಾನು ಎಣ್ಣೆ ಗೊಟ್ಟ ಸೆರಗಿನಲ್ಲಿ ಮುಚ್ಚಿಕೊಂಡೆ.

ಊರೆಲ್ಲಾ ಹೋದ ಮೇಲೆ ನೋಡಿದರೆ ಸೊಸೆ ಇಲ್ಲ. ಹುಲ್ಲಿನ ಮೆದೆ ಹಿಂದೆ ಕೂತಿದ್ದಳು. ಬಾಲ ಹಿಡಿದಿದ್ದ ಕೈಯನ್ನ ಹುಲ್ಲಿಗೆ ಒರೆಸ್ತಾನೇ ಇದ್ದಳು. ಏನಾಯ್ತೇ ಅಂದೆ.

"ನಂಗೆ ಹಸು ಅಂದ್ರೆ ಭಯ ಅತ್ತೆ. ಚಿಕ್ಕವಳಿದ್ದಾಗ ನಮ್ಮ ಬೀದಿಯಲ್ಲಿ ಒಂದು ಹಸು ಎತ್ತಿ ಹಾಕಿತ್ತು. ಆವಾಗಿಂದ."

ದಿನಾ ಆ ಮೂಟೆ ಮೇಲೆ, ಹಸುವಿನ ಕೊಂಬಿನ ಪಕ್ಕದಲ್ಲಿ ಕೂತೋಳು ಇವಳೇನಾ?

"ಗೂಟ ಆ ಕಡೆಗೆ ನೆಡೋಣ ಅಂದಿದ್ದು ಅದಕ್ಕಾ?"

"ಹೂಂ."

"ಬಾಯಿ ಬಿಟ್ಟು ಏಳೋಕೆ ಏನಾಗಿತ್ತು ನಿಂಗೆ?"

"ನೀವು ಯಾಕೆ ಅಂತ ಕೇಳಲಿಲ್ಲ ಅತ್ತೆ."

ಕೇಳಲಿಲ್ಲ, ನಿಜ. ಈ ಮನೆಯಲ್ಲಿ ಯಾಕೆ ಅಂತ ಕೇಳೋ ಕೆಲಸ ಅವಳದು ಅಂತ ಬಿಟ್ಟುಬಿಟ್ಟಿದ್ದೆ. ಮೊದಲು ಎದ್ದು ಕಾಫಿ ಕುಡಿ ಅಂದೆ. ಬೇರೆ ಮಾತು ನನಗೆ ಬರಲ್ಲ.

ಮಾರನೇ ಬೆಳಿಗ್ಗೆ ಹಾಲು ಕರೆಯೋಕೆ ಮುಂಚೆ ಗೂಟ ಕಿತ್ತು, ಕೊಟ್ಟಿಗೆಯ ಆ ತುದಿಗೆ ಬಡಿದು, ಹಸುವನ್ನೂ ಕರುವನ್ನೂ ಅಲ್ಲಿ ಕಟ್ಟಿದೆ. ಈ ಮೂಲೆ ಗುಡಿಸಿ, ಒಳಗಿಂದ ಕುರ್ಚಿ ತಂದು ಹಾಕಿದೆ.