ಅತ್ತೆಯ ಕಾರಿಗೆ ಗಾಳಿ ಹಿಡಿಸಿದ್ದು

ನಮ್ಮ ಅತ್ತೆಯ ಕಾರಿಗೆ ಗಾಳಿ ಹಿಡಿದಿದೆ ಎಂದು ನಾರಾಯಣಪೇಟೆಯ ಅರ್ಧ ಊರು ನಂಬಿತ್ತು. ಉಳಿದರ್ಧ ಊರು, ಗಾಳಿ ಹಿಡಿದದ್ದು ಕಾರಿಗಲ್ಲ, ಅತ್ತೆಗೇ ಎಂದು ನಂಬಿತ್ತು! ಎರಡೂ ಪಂಗಡದವರು ನನ್ನನ್ನೇ ಸಾಕ್ಷಿಗೆ ಕರೆಯುತ್ತಿದ್ದರು. ಯಾಕೆಂದರೆ ಆ ಗಾಳಿ ಹಿಡಿಸುವಾಗ ಕೈಯಲ್ಲಿ ತಿರುಪು ಬಿಗಿಯುವ ಪಾನಾ ಹಿಡಿದು ಪಕ್ಕದಲ್ಲಿ ನಿಂತಿದ್ದವನು ನಾನೇ.

ಅತ್ತೆ ಎಂದರೆ ಹೆಂಡತಿಯ ತಾಯಿ ಅಂದುಕೊಳ್ಳಬೇಡಿ. ಅವರ ಬಗ್ಗೆ ಹೀಗೆಲ್ಲ ಬರೆಯುವ ಧೈರ್ಯ ನನಗೆಲ್ಲಿಂದ ಬರಬೇಕು? ಇವಳು ನಮ್ಮಪ್ಪನ ತಂಗಿ, ನಾರಾಯಣಪೇಟೆಯ ಶಾಲೆಯಲ್ಲಿ ಗಣಿತದ ಟೀಚರ್. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ, "ಭಾಗಾಕಾರ ಮಾಡಿ ನೋಡಿದೆ, ಪ್ರತಿ ಸಲ ಶೇಷ ಉಳಿಯಾಕತ್ತಿತ್ತು, ಬಿಟ್ಟೆ" ಎನ್ನುತ್ತಿದ್ದಳು. ತೆಲಂಗಾಣ ಹೊಸ ರಾಜ್ಯವಾದ ವರ್ಷ, ಐವತ್ತು ದಾಟಿದ ಮೇಲೆ, ಹೈದರಾಬಾದಿಗೆ ಹೋಗಿ ಒಂದು ಕಾರು ಕೊಂಡು ತಂದಳು. ಯಾರೋ ಓಡಿಸಿ ಬಿಟ್ಟದ್ದೇ, ಆದರೆ ಎಂಥ ಕಾರು! ಹಾಟ್ ಹ್ಯಾಚ್‌ಬ್ಯಾಕ್ ಅನ್ನುತ್ತಾರಂತೆ. ಮೈ ಮೇಕೆಯದು, ಎದೆ ಹೋರಿಯದು. ಹತ್ತಿ ಹೊಲಗಳ ನಡುವೆ ಅದು ಹೋಗುವುದನ್ನು ನೋಡಿದರೆ, ಯಾರೋ ಕಂಡ ಕನಸು ದಾರಿ ತಪ್ಪಿ ನಮ್ಮ ಕಡೆ ಬಂದಂತೆ ಕಾಣುತ್ತಿತ್ತು.

ಅದರಲ್ಲಿ ಒಂದೇ ದೋಷ. ಅದು ಸದ್ದು ಮಾಡುತ್ತಿರಲಿಲ್ಲ.

ಸದ್ದು ಮಾಡದಿರುವುದು ದೋಷವೇ? ನಮ್ಮ ಮನೆಯಲ್ಲಿ ಹೌದು. ನಮ್ಮಪ್ಪ ಇರುವುದು ಮಕ್ತಲ್‌ನಲ್ಲಿ. ಎರಡು ವರ್ಷದ ಹಿಂದೆ ಕಣ್ಣಿನ ನರ ಒಣಗಿ ಅಪ್ಪನ ನೋಟ ಪೂರ್ತಿ ಹೋಗಿತ್ತು. ಆದರೂ ರವಿವಾರ ತಂಗಿ ಬರುವುದು ಎಲ್ಲರಿಗಿಂತ ಮೊದಲು ಅಪ್ಪನಿಗೇ ಗೊತ್ತಾಗುತ್ತಿತ್ತು. ಅವಳ ಹಳೆಯ ಮೊಪೆಡ್ಡಿನ ಸೈಲೆನ್ಸರ್ ಒಡೆದಿತ್ತಲ್ಲ! ಅವಳು ನಾರಾಯಣಪೇಟೆಯಲ್ಲಿ ಕಿಕ್ ಹೊಡೆದರೆ ಮಕ್ತಲ್‌ನಲ್ಲಿ ಕೇಳುತ್ತಿತ್ತು ಎಂದರೆ ಸ್ವಲ್ಪ ಹೆಚ್ಚಾದೀತು, ಸ್ವಲ್ಪವೇ. ಅಪ್ಪ ಕಟ್ಟೆಯ ಮೇಲಿಂದಲೇ, "ಬಂದ್ಲು ನಮ್ಮ ಹುಚ್ಚಿ, ಚಾಕ್ಕ ಇಡ್ರಿ" ಎಂದು ಒಳಗೆ ಕೂಗುತ್ತಿದ್ದ.

ಕಾರು ತಂದ ಮೊದಲ ರವಿವಾರ ಅತ್ತೆ ಬೆಕ್ಕು ಬಂದಂತೆ ಬಂದಳು. ಇಳಿದಳು, ಕಟ್ಟೆ ಹತ್ತಿದಳು. ಅಪ್ಪ ಮುಖ ಎತ್ತಿ, "ಯಾರ್ರೀ? ಬರ್ರಿ, ಕೂಡ್ರಿ" ಎಂದ.

'ರೀ'! ನಮ್ಮ ಕಡೆ ರೀ ಎಂದರೆ ಮರ್ಯಾದೆ, ನಿಜ. ಆ ಮರ್ಯಾದೆ ತಹಸೀಲ್ದಾರರಿಗೆ, ಬೀಗರಿಗೆ, ದಾರಿ ಕೇಳಿಕೊಂಡು ಬಂದ ಅಪರಿಚಿತರಿಗೆ. ಐವತ್ತು ವರ್ಷ 'ಲೇ', 'ಹುಚ್ಚಿ', 'ಕತ್ತೆ' ಎಂದು ಕರೆದ ಅಣ್ಣನ ಬಾಯಿಂದ ಅದು ಬಂದರೆ? ಅತ್ತೆ ಕಂಬ ಹಿಡಿದು ನಿಂತುಬಿಟ್ಟಳು. "ನಾನಣ್ಣಾ" ಎಂದಳು. ಅಪ್ಪ ನಕ್ಕ, ನಾವೂ ನಕ್ಕೆವು. ಅತ್ತೆ ಮಾತ್ರ ಚಹಾ ಅರ್ಧಕ್ಕೇ ಬಿಟ್ಟು ಹೋದಳು.

"ಹಾರ್ನ್ ಹೊಡಿಬಾರದೇನು ಅತ್ತಿ?" ಎಂದು ನಾನು ಬುದ್ಧಿ ಹೇಳಿದೆ.

"ಹಾರ್ನ್ ಹೊಡದು ಬರಾವ ಹಾಲಿನಾವ. ನಾ ತಂಗಿ."

"ಮತ್ತ ದೂರದಿಂದನ ಕೂಗಿ ಹೇಳು, ನಾ ಬಂದೀನಿ ಅಂತ."

"ನಾ ಹೇಳಿದ ಮ್ಯಾಲ ಅವ ಗುರ್ತು ಹಿಡಿದ್ರ ಅದೇನು ದೊಡ್ಡದಲೇ? ಉತ್ತರ ಹೇಳಿಕೊಟ್ಟು ನಾ ಯಾವತ್ತಾರ ಪರೀಕ್ಷಾ ಮಾಡೀನೇನು?"

ಗಣಿತದ ಟೀಚರ್ ಜೊತೆ ವಾದ ಮಾಡಿ ಗೆದ್ದವರುಂಟೇ!

ಹದಿನೈದು ದಿನಕ್ಕೆ ಒಂದು ಪಾರ್ಸೆಲ್ ಬಂತು. ಏರ್ ಇಂಟೇಕ್ ಕಿಟ್. ಕಾರಿನ ಮೂಗಿಗೆ ಕಂಪನಿಯವರು ಒಂದು ಕರಿ ಡಬ್ಬಿ ಮುಚ್ಚಿರುತ್ತಾರೆ, ಎಂಜಿನ್ ಉಸಿರೆಳೆಯುವ ಸದ್ದು ಅದರೊಳಗೇ ಅಡಗಿಹೋಗುತ್ತದೆ. ಆ ಡಬ್ಬಿ ಕಿತ್ತು, ದಪ್ಪನೆಯ ಕೊಳವೆಯೊಂದನ್ನು ಜೋಡಿಸಿ, ಅದರ ತುದಿಗೆ ಬೋರಲು ಹಾಕಿದ ಗಡಿಗೆಯಂಥ ಫಿಲ್ಟರ್ ಕೂಡಿಸಿದರೆ ಉಸಿರು ಹೊರಗೆ ಕೇಳುತ್ತದಂತೆ. ಹುಡುಗರು ಇದನ್ನು ವೇಗಕ್ಕಾಗಿ ಹಾಕಿಸುತ್ತಾರೆ. ನಮ್ಮತ್ತೆಗೆ ವೇಗ ಬೇಕಿರಲಿಲ್ಲ. ಅಣ್ಣನ ಕಿವಿಗೆ ಒಂದು ಗುರುತು ಬೇಕಿತ್ತು.

ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾರಾಯಣಪೇಟೆಯ ತನ್ನ ಮನೆಯ ಅಂಗಳದಲ್ಲಿ ಬಾನೆಟ್ ಎತ್ತಿ ಶುರು ಮಾಡಿದಳು. ಪಕ್ಕದ ಮನೆಯ ನಾಗಮ್ಮ ಗೋಡೆಯ ಮೇಲಿಂದ ಇಣುಕಿ ಕೇಳಿದಳು: "ಏನು ಮಾಡಾಕತ್ತೀರಿ ಟೀಚರಮ್ಮಾ?"

"ಗಾಡಿಗಿ ಗಾಳಿ ಹಿಡಸಾಕತ್ತೀನಿ."

ನಾಗಮ್ಮನ ಮುಖ ಗೋಡೆಯಿಂದ ಮಾಯವಾಯಿತು. ಅರ್ಧ ಗಂಟೆಯಲ್ಲಿ ಐದು ನಿಂಬೆಹಣ್ಣು, ಒಂದು ಹಿಡಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು! "ಹಿಡಸೋದು ಸಸಾರ ರೀ, ಬಿಡಸೋದು ಕಷ್ಟ" ಎಂದು ಬೇಡಿಕೊಂಡಳು. ಅತ್ತೆ ನಿಂಬೆಹಣ್ಣು ಇಸಿದುಕೊಂಡು ಎಲ್ಲರಿಗೂ ಶರಬತ್ತು ಮಾಡಿಸಿದಳು.

ಕೊನೆಯ ತಿರುಪು ಬಿಗಿದದ್ದಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಹೊಸ ವಸ್ತು ಮನೆಗೆ ಬಂದರೆ ವಿಭೂತಿ ಹಚ್ಚದೆ ಬಿಟ್ಟವರೇ ನಮ್ಮಲ್ಲಿ? ಅತ್ತೆ ಆ ಫಿಲ್ಟರಿಗೆ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಎಳೆದು, ಕೈಮುಗಿದು, ಕೀಲಿ ತಿರುವಿದಳು. ಹೊಸ ಮೂಗು ಎಷ್ಟು ಭಕ್ತಿಯಿಂದ ಉಸಿರೆಳೆಯಿತೆಂದರೆ, ಅಷ್ಟೂ ವಿಭೂತಿ ಒಳಕ್ಕೆ! ಗಾಡಿ ಒಮ್ಮೆ ಸೀನಿತು. ಕೆಮ್ಮಿತು. ಸ್ಟೇರಿಂಗಿನ ಮುಂದೆ ಎಚ್ಚರಿಕೆಯ ಹಳದಿ ದೀಪ ಹತ್ತಿಕೊಂಡಿತು. ಗೋಡೆಯಾಚೆಯಿಂದ ನಾಗಮ್ಮನ ದನಿ: "ನಾ ಹೇಳಲಿಲ್ಲೇನು? ವಿಭೂತಿ ತಡಕೊಳ್ಳಂಗಿಲ್ಲ ಅದು!"

ಇಂಥ ಗಾಡಿ ಬಲ್ಲ ಮೆಕ್ಯಾನಿಕ್ ಇದ್ದದ್ದು ಗದ್ವಾಲದಲ್ಲಿ. ಗದ್ವಾಲಕ್ಕೆ ದಾರಿ ಮಕ್ತಲ್ ಮೇಲೆಯೇ! "ಅಣ್ಣ ಮೊದಲ್ನೇ ಸಲ ಕೇಳೋ ಆವಾಜು ಕೆಮ್ಮು ಆಗಬಾರದು" ಎಂದು ಅತ್ತೆ ಊರ ಹೊರಗಿನ ಹೊಲದ ದಾರಿ ಹಿಡಿದಳು. ಎರಡು ಕಡೆ ಗಾಡಿ ನಿಂತುಹೋಯಿತು. ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಬಂದು ನೂಕಿಕೊಟ್ಟರು. ಸೆರಗು ಸಿಕ್ಕಿಸಿದ ಟೀಚರ್ ಒಳಗೆ ಸ್ಟೇರಿಂಗ್ ಹಿಡಿದು, "ನೂಕ್ರಿ, ನೂಕ್ರಿ, ಸದ್ದು ಮಾಡಬ್ಯಾಡ್ರಿ" ಎನ್ನುತ್ತಿದ್ದಳು. ಕಳ್ಳತನದ ಗಾಡಿಯೆಂದೇ ಅವರು ತಿಳಿದಿರಬೇಕು.

ಗದ್ವಾಲದ ಮೆಕ್ಯಾನಿಕ್ ಖಾಜಾ ಭಾಯಿ, ಬಿಳಿ ಗಡ್ಡದ ಮುದುಕ. ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ಅಮ್ಮಾ, ಮಂದಿ ನನ್ನ ಕಡಿ ಆವಾಜ್ ತೆಗಿಸಾಕ ಬರ್ತಾರ. ಆವಾಜ್ ಹಾಕ್ಸಾಕ ಬಂದವ್ರು ನೀವೊಬ್ರ." ಕೊಳವೆಯೊಳಗೆ ಬೇಳೆಯಷ್ಟು ಸಣ್ಣ ಸೆನ್ಸರ್ ಇತ್ತು; ಬಂದ ಗಾಳಿ ಎಷ್ಟೆಂದು ಎಂಜಿನ್ನಿಗೆ ಹೇಳುವುದು ಅದರ ಕೆಲಸ. ವಿಭೂತಿ ಮೆತ್ತಿ ಅದು ಮೂಕವಾಗಿತ್ತು. ಸ್ಪಿರಿಟ್ಟಿನಲ್ಲಿ ತೊಳೆದು, ಊದಿ, ಒಣಗಿಸಿ ಕೂಡಿಸಿದ. "ಇನ್ಮ್ಯಾಲ ಪೂಜಾ ಬಾನೆಟ್ ಮ್ಯಾಲ ಮಾಡ್ರಿ. ದೇವ್ರಿಗಿ ಅಲ್ಲಿಂದನೂ ಕಾಣಸ್ತೈತಿ" ಎಂದ.

ಹಿಂದಿರುಗುವಾಗ ಜೂರಾಲ ಅಣೆಕಟ್ಟಿನ ಮೇಲೆ ಬಂದೆವು. ಬಿಸಿಲು ಇಳಿದಿತ್ತು. ಒಂದು ಕಡೆ ತುಂಬಿದ ಕೃಷ್ಣೆ, ಎಲ್ಲಿ ನೀರು ಮುಗಿದು ಎಲ್ಲಿ ಆಕಾಶ ಶುರುವಾಗುತ್ತದೋ ತಿಳಿಯದು. ಅತ್ತೆ ಕಾಲು ಒತ್ತಿದಾಗ ಗಾಡಿ ಒಳಗಿನಿಂದ 'ಹೂಂ…' ಎಂದಿತು; ಖಾಲಿ ಕೊಡದ ಬಾಯಿಗೆ ಗಾಳಿ ಬಂದಂತೆ, ನಿದ್ದೆಯಲ್ಲಿರುವವರು ಹೊರಳಿ ಉಸಿರೆಳೆದುಕೊಂಡಂತೆ. ಕಾಲು ಎತ್ತಿದರೆ 'ಉಸ್ಸ್'. ಕಿಟಕಿ ಇಳಿಸಿದೆವು. ಹೂಂ… ಉಸ್ಸ್. ನೀರಿನ ಮೇಲೆ ಬೆಳ್ಳಕ್ಕಿಗಳು ಸಾಲಾಗಿ ಹೋಗುತ್ತಿದ್ದವು. ಆ ದಾರಿ ಮುಗಿಯದಿದ್ದರೆ ಚೆನ್ನಾಗಿತ್ತು ಅನಿಸಿತು. ಆಚೆ ದಡದಲ್ಲಿ ಅತ್ತೆ ಮೆಲ್ಲಗೆ, "ಕಥಿ ಕೇಳೋರು ಹೂಂಗುಟ್ಟಿದಂಗ ಐತಲ್ಲಲೇ?" ಎಂದಳು.

ರವಿವಾರ ನಾನು ಮೊದಲೇ ಹೋಗಿ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕೂತೆ. ಆಗ ಹೊಳೆಯಿತು ನೋಡಿ, ಇಡೀ ಲೆಕ್ಕದ ತಪ್ಪು! ಅಪ್ಪ ಈ ಸದ್ದು ಹಿಂದೆ ಕೇಳಿಯೇ ಇಲ್ಲ. ಕೇಳದ ಸದ್ದಿನಿಂದ ಗುರುತು ಹಿಡಿಯುವುದು ಹೇಗೆ? ಗಣಿತದ ಟೀಚರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ದೂರದಲ್ಲಿ 'ಹೂಂ…' ಕೇಳಿಸಿತು.

"ಯಾವ್ದೋ ಲಾರಿ ಗಾಳಿ ಬಿಡಾಕತ್ತೈತಿ" ಎಂದ ಅಪ್ಪ.

ಗಾಡಿ ನಮ್ಮ ಓಣಿಯ ತಿರುವಿಗೆ ಬಂತು. ಹೂಂ ಎನ್ನುವುದು ತಟ್ಟನೆ ನಿಂತಿತು, 'ಉಸ್ಸ್' ಎಂದಿತು, ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಮ್ಮೆಲೇ ಜೋರಾಗಿ 'ಹೂಂ!' ಅಪ್ಪನ ಕೈ ನನ್ನ ಮೊಣಕಾಲ ಮೇಲೆ ಬಿತ್ತು.

"ಲಾರಿ ಅಲ್ಲಲೇ. ತಿರುವಿನ್ಯಾಗ ಎಕ್ಸಲೇಟರ್ ಪೂರಾ ಬಿಡೋದು, ದಾಟಿದ ಕೂಡ್ಲೆ ಹೆದರಿದವರಂಗ ತಿರುವೋದು. ಮೊಪೆಡ್ಡೂ ಹಿಂಗ ಓಡಸ್ತಿದ್ಲು. ಇಕಿ ನಮ್ಮ ಹುಚ್ಚಿ!"

ಕಿಟ್ಟು ಸದ್ದು ಕೊಟ್ಟಿತ್ತು, ಅಷ್ಟೇ. ಆ ಸದ್ದಿನೊಳಗೆ ಅಪ್ಪ ಕೇಳಿಸಿಕೊಂಡದ್ದು ತಂಗಿಯ ಕಾಲನ್ನು. ಯಾರೂ ಕೈ ಹಿಡಿಯದೆ, ಗೋಡೆ ಸವರಿಕೊಂಡು ತಾನೇ ಇಳಿದು ಬಂದ. ಬಿಸಿ ಬಾನೆಟ್ ಮೇಲೆ ಅಂಗೈ ಇಟ್ಟು, ಹಾಗೇ ಬಾಗಿಲವರೆಗೆ ಸವರುತ್ತ ಹೋದ.

"ಬಣ್ಣ ಯಾವ್ದಲೇ ಇದರದು?"

ಇಷ್ಟು ದಿನ ಯಾರೂ ಹೇಳಿರಲಿಲ್ಲ. ಅಪ್ಪನಿಗೆ ಬಣ್ಣ ಬೇಕಾದೀತು ಎಂದು ನಮಗೆ ತೋಚಿರಲೇ ಇಲ್ಲ. ಕಾರು ಬೂದಿ ಬಣ್ಣದ್ದು. ಅತ್ತೆ ಒಮ್ಮೆ ಕಾರನ್ನು, ಒಮ್ಮೆ ಅಪ್ಪನ ಮುಖವನ್ನು ನೋಡಿದಳು. ಆಮೇಲೆ ಅಂದಳು: "ಅವ್ವನ ಗದ್ವಾಲ ಸೀರಿ ಇತ್ತಲ್ಲಣ್ಣಾ, ಅದರ ಅಂಚಿನ ಕೆಂಪು."

"ಹೌದೇನು?" ಎಂದ ಅಪ್ಪ. ಮುಖ ಅಗಲವಾಯಿತು. ಬಹಳ ಹೊತ್ತು ಕಾರಿನ ಕಡೆಯೇ ನೋಡುತ್ತ ನಿಂತ.

ಮರುದಿನ ಅತ್ತೆ ಶಾಲೆಗೆ ರಜೆ ಹಾಕಿದಳು. ಮತ್ತೆ ಗದ್ವಾಲ. ಪೇಂಟರನ ಶೆಡ್ಡಿನಲ್ಲಿ ಆಗ ನಂಬರ್ ಪ್ಲೇಟಿನದೇ ಸುಗ್ಗಿ. ತೆಲಂಗಾಣ ಚಳವಳಿಯ ದಿನಗಳಲ್ಲಿ ಎಪಿ ಅಳಿಸಿ ಟಿಜಿ ಬರೆಸಿಕೊಂಡವರು ಈಗ ಹೊಸ ಸರಕಾರ ಹೇಳಿದಂತೆ ಟಿಎಸ್ ಎಂದು ತಿದ್ದಿಸಿಕೊಳ್ಳಲು ಸಾಲುಗಟ್ಟಿದ್ದರು. ಪೇಂಟರ್ ತಲೆ ಎತ್ತದೆಯೇ, "ನಂಬರ್ ಪ್ಲೇಟೇನಮ್ಮಾ?" ಎಂದು ಕೇಳಿದ.

"ಅದು ಬಿಟ್ಟು ಉಳಿದದ್ದೆಲ್ಲಾ" ಎಂದಳು ಅತ್ತೆ.

ಚೀಲದಿಂದ ಅಜ್ಜಿಯ ಸೀರೆ ತೆಗೆದು, ಅಂಚನ್ನು ಬಣ್ಣದ ಡಬ್ಬಿಯ ಪಕ್ಕ ಹಿಡಿದಳು. ಅವನು ಕಲಸಿ ತೋರಿಸಿದ, ಇದಲ್ಲ ಎಂದಳು. ಮತ್ತೆ ಕಲಸಿದ, ಒಂದು ಚೂರು ಕಪ್ಪಾಯಿತು ಎಂದಳು. ನಾಲ್ಕನೆಯ ಸಲ ಅವನಿಗೆ ಸಿಟ್ಟು ಬಂತು.

"ಥೇಟ್ ಇದರಂಗನ ಬೇಕಂದ್ರ ಹ್ಯಾಂಗಮ್ಮಾ? ಅಂಚಿನ ಜೋಡಿ ಹಿಡದು ಯಾರು ನೋಡಬೇಕು ಇದನ್ನ?"

ಅತ್ತೆ ಸೀರೆಯ ಅಂಚು ಬಿಡದೆ ಹೇಳಿದಳು: "ನಮ್ಮಣ್ಣ ನೋಡ್ಯಾನ."