ಮೊದಲು ಮರೆತುಬಿಡಿ

ನಮ್ಮ ಮನೆಯಲ್ಲಿ ವೈಫೈ ಇದೆ. ಅಂತರ್ಜಾಲ ಸಂಸ್ಥೆಯವರು ಇದನ್ನು ಲಿಖಿತವಾಗಿ ದೃಢಪಡಿಸಿದ್ದಾರೆ. ಅಕ್ಕನ ಲ್ಯಾಪ್‌ಟಾಪ್‌ಗೆ ಮಾತ್ರ ವಿಷಯ ಇನ್ನೂ ತಿಳಿದಿಲ್ಲ.

ಅಂದು ಹನ್ನೊಂದಕ್ಕೆ ಅದೇ ಲ್ಯಾಪ್‌ಟಾಪ್‌ನಲ್ಲಿ ಅಕ್ಕನ ಸಂದರ್ಶನವಿತ್ತು. ಕರೆದದ್ದು ಅದೇ ಸಂಸ್ಥೆ; ಕೆಲಸ, ಅವರ ಸಹಾಯವಾಣಿಯಲ್ಲಿ. ಬಹಳ ಕಾಲ ಅರ್ಜಿ ಹಾಕಿದ ಮೇಲೆ ಬಂದ ಮೊದಲ ಕರೆ. ಅಭ್ಯರ್ಥಿಗಳು ಸಂಸ್ಥೆಯ ವೈಫೈಯನ್ನೇ ಬಳಸತಕ್ಕದ್ದು ಎಂಬ ನಿಯಮವಿತ್ತು.

ಪರದೆಯ ಮೇಲೆ ‘ಸಂಪರ್ಕ ಸಾಧ್ಯವಿಲ್ಲ’ ಎಂದು ಬಂತು. ಅಪ್ಪ ರೂಟರನ್ನು ಟೀವಿ ಪಕ್ಕದಿಂದ ಕಪಾಟಿನ ಮೇಲಕ್ಕೆ ವರ್ಗಾಯಿಸಿದರು. ಅಮ್ಮ ಅದರ ಧೂಳು ಒರೆಸಿದಳು. ದೀಪಗಳು ಮೊದಲಿಗಿಂತ ಚೆನ್ನಾಗಿ ಮಿನುಗಿದವು. ಬೇರೆ ಪ್ರಗತಿ ಆಗಲಿಲ್ಲ.

ಅಕ್ಕ ಸಹಾಯವಾಣಿಗೆ ಫೋನ್ ಮಾಡಿದಳು.

“ಮೇಡಂ, ಸೆಟ್ಟಿಂಗ್ಸ್‌ಗೆ ಹೋಗಿ ಆ ನೆಟ್‌ವರ್ಕನ್ನ ಮರೆತುಬಿಡಿ.”

ಅಕ್ಕ ಗುಂಡಿ ಒತ್ತಿದಳು. “ಮರೆತೆ.”

“ಪೂರ್ತಿ ಮರೆತ್ರಾ?”

“ಪೂರ್ತಿ.”

“ಸಂತೋಷ. ನಿಮ್ಮ ದೂರು ಮುಕ್ತಾಯ ಮಾಡ್ತಿದ್ದೀನಿ.”

“ಇನ್ನೂ ಕನೆಕ್ಟೇ ಆಗಿಲ್ವಲ್ಲ ಸರ್.”

“ಯಾವುದಕ್ಕೆ?”

“ನಮ್ಮನೆ ವೈಫೈಗೆ.”

“ಅದನ್ನ ಈಗ ತಾನೇ ಮರೆತೆ ಅಂದ್ರಿ. ಮರೆತಿದ್ದರ ಮೇಲೆ ದೂರು ತಗೊಳ್ಳೋ ಹಾಗಿಲ್ಲ. ನೆನಪಿದೆ ಅಂದ್ರೆ ನೀವು ಮೊದಲ ಹಂತವನ್ನೇ ಪಾಲಿಸಿಲ್ಲ ಅಂತಾಯ್ತು.”

ಅಪ್ಪ ಫೋನ್ ಕಿತ್ತುಕೊಂಡರು. “ಏನಪ್ಪಾ, ಬಿಲ್ ಕಳಿಸೋದು ಮಾತ್ರ ನೀವು ಒಂದು ತಿಂಗಳೂ ಮರೆಯಲ್ವಲ್ಲ?”

“ಅದು ಬೇರೆ ವಿಭಾಗ ಸರ್. ಅವರಿಗೆ ನೆನಪಿಡೋ ತರಬೇತಿ ಆಗಿದೆ.”

“ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ,” ಎಂದಳು ಅಮ್ಮ. “ಇಟ್ಬಿಡ್ರೀ.”

ಅಕ್ಕ ಇಡಗೊಡಲಿಲ್ಲ. ಹನ್ನೊಂದಾಗಿತ್ತು. “ಸರ್, ನನ್ನ ಇಂಟರ್‌ವ್ಯೂ ಶುರುವಾಯ್ತು. ನಿಮ್ಮ ಸಂಸ್ಥೇದೇ. ದಯವಿಟ್ಟು ಏನಾದ್ರೂ ಮಾಡಿ.”

“ಹೌದಾ? ಲೈನಲ್ಲೇ ಇರಿ.”

ಸಂಗೀತ ಕೇಳಿಸಿತು. ಅದೇ ರಾಗ ಸುತ್ತಿ ಸುತ್ತಿ ಬಂತು. ಅಕ್ಕ ಅಲ್ಲಾಡದೆ ಕೂತಿದ್ದಳು. ಕೊನೆಗೆ ಮೇಲಧಿಕಾರಿ ಮಾತಾಡಿದರು.

“ಅಭಿನಂದನೆ. ನೀವು ಆಯ್ಕೆಯಾಗಿದ್ದೀರಿ. ಅಭ್ಯರ್ಥಿಗಳಲ್ಲಿ ಒಬ್ಬರೂ ಕನೆಕ್ಟ್ ಆಗಲಿಲ್ಲ. ಉಳಿದವರೆಲ್ಲ ಬೈದು ಫೋನಿಟ್ಟರು. ನೀವೊಬ್ಬರೇ ಲೈನಲ್ಲಿ ಉಳಿದದ್ದು.”

“ಥ್ಯಾಂಕ್ಸ್ ಸರ್. ಮತ್ತೆ, ವೈಫೈ?”

“ಯಾವ ವೈಫೈ?”

ಅಕ್ಕ ಲ್ಯಾಪ್‌ಟಾಪ್ ನೋಡಿದಳು, ಅಪ್ಪನನ್ನು ನೋಡಿದಳು. “ಏನಿಲ್ಲ ಸರ್.”

“ಒಳ್ಳೇದು. ತರಬೇತಿಯೂ ಮುಗೀತು.”

ಈಗ ಅಕ್ಕ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಅಪ್ಪ ಊಟವಾದ ಮೇಲೆ ಸಹಾಯವಾಣಿಗೆ ಫೋನ್ ಮಾಡುತ್ತಾರೆ. ನಿನ್ನೆ ಅಕ್ಕನೇ ಎತ್ತಿದಳು.

“ಸರ್, ಮೊದಲು ಮರೆತುಬಿಡಿ.”

“ಮರೆತೆ ಕಣಮ್ಮಾ. ಬರ್ತಾ ಹಾಲು ತರೋದನ್ನ ನೀನು ಮರೀಬೇಡ.”

“ಅದು ಬೇರೆ ವಿಭಾಗ ಸರ್.”

ಅಪ್ಪ ಸೇವೆಗೆ ಐದು ನಕ್ಷತ್ರ ಕೊಟ್ಟರು. ಸಂಜೆ ಎಲ್ಲರೂ ಹಾಲಿಲ್ಲದ ಚಹಾ ಕುಡಿದೆವು. ಯಾರ ದೂರೂ ಇರಲಿಲ್ಲ.